ಟೆಕ್ಸಸ್ ಎಲ್‌ಪಿಸಿ ಲೈಸೆನ್ಸಿಗೆ ದುಡ್ಡು ಕೊಟ್ಟು ತಗೊಂಡ ಸೂಪರ್‌ವಿಷನ್ ಹೇಗಿತ್ತು

ಕೌನ್ಸೆಲಿಂಗಲ್ಲಿ ಮಾಸ್ಟರ್ಸ್ ಮುಗಿಸಿ ಡಲ್ಲಾಸ್ ಸುತ್ತಮುತ್ತ ಎಲ್‌ಪಿಸಿ, ಅಂದ್ರೆ ಲೈಸೆನ್ಸ್ಡ್ ಪ್ರೊಫೆಷನಲ್ ಕೌನ್ಸೆಲರ್ ಲೈಸೆನ್ಸಿಗೆ ಓಡಾಡ್ತಿರೋ ಕನ್ನಡದವ್ರು ಈಗೀಗ ಜಾಸ್ತಿನೇ ಸಿಗ್ತಿದಾರೆ, ಸಿಕ್ಕೋರೆಲ್ಲ ಮೊದಲು ಕೇಳೋದು ಎನ್‌ಸಿಇ ಅನ್ನೋ ರಾಷ್ಟ್ರಮಟ್ಟದ ಕೌನ್ಸೆಲರ್ ಪರೀಕ್ಷೆ ಬಗ್ಗೆ. ಅದು ಓದಿದ್ರೆ ಆಗುತ್ತೆ ಕಣ್ರೀ. 200 ಪ್ರಶ್ನೆ, ಅದರಲ್ಲಿ ಮಾರ್ಕ್ಸಿಗೆ ಲೆಕ್ಕ ಬರೋದು 160, ಟೈಮ್ 225 ನಿಮಿಷ, ಕೆಲಸಕ್ಕೆ ಹೊಂದೋ ಸ್ವಭಾವದ ಬಗ್ಗೆ ಹಾಲೆಂಡ್ ಹೇಳಿದ ಆರು ಟೈಪು, ಮನುಷ್ಯನ ಬೆಳವಣಿಗೆ ಬಗ್ಗೆ ಎರಿಕ್‌ಸನ್ ಹೇಳಿದ ಹಂತಗಳು, ಗ್ರೂಪ್ ವರ್ಕ್, ಟೆಸ್ಟಿಂಗು, ಇಷ್ಟನ್ನ ಕೂತು ಓದ್ಕೊಂಡ್ರೆ ದಾಟಬಹುದು. ಟೆಕ್ಸಸ್ಸಿನ ಜೂರಿಸ್‌ಪ್ರೂಡೆನ್ಸ್ (ಕಾನೂನು, ನಿಯಮಗಳ) ಎಕ್ಸಾಮಂತೂ ಮನೇಲೇ ಕೂತು ರೂಲ್ಸ್ ಬುಕ್ ತೆಗೆದಿಟ್ಕೊಂಡೇ ಬರೆಯೋದು. ನಿಜವಾಗ್ಲೂ ತಲೆ ಕೆಡಿಸ್ಕೊಳ್ಳಬೇಕಾಗಿರೋದು ಪೂರ್ತಿ ಲೈಸೆನ್ಸ್ ಸಿಗೋವರೆಗೆ ನಮ್ಮ ಕೆಲಸ ನೋಡಿ ತಿದ್ದೋ ಸೂಪರ್‌ವೈಸರ್ ಯಾರು ಅನ್ನೋದಕ್ಕೆ, ಅದಕ್ಕೇ ನಾನು ತಗೊಂಡ ಸರ್ವಿಸ್ ಬಗ್ಗೆ ಬರೀತಿದೀನಿ. ಇದು ಪ್ರೈವೇಟ್ ಪ್ರಾಕ್ಟೀಸ್ ಇಟ್ಕೊಂಡಿರೋ ಒಬ್ಬ ಎಲ್‌ಪಿಸಿ-ಎಸ್ (ಸೂಪರ್‌ವಿಷನ್ ಕೊಡೋಕೆ ಒಪ್ಪಿಗೆ ಇರೋ ಎಲ್‌ಪಿಸಿ) ಮೇಡಂ ನಡೆಸೋ ಸರ್ವಿಸ್, ಹೆಸರು ಹಾಕಲ್ಲ.

ಗೊತ್ತಿಲ್ದೋರಿಗೆ ಹೇಳ್ತೀನಿ. ಇಲ್ಲಿ 60 ಸೆಮಿಸ್ಟರ್ ಅವರ್ಸಿನ (ಕ್ರೆಡಿಟ್ಸಿನ) ಮಾಸ್ಟರ್ಸ್, ಅದ್ರೊಳಗೆ 300 ಗಂಟೆ ಪ್ರಾಕ್ಟಿಕಮ್ (ಓದುವಾಗ್ಲೇ ಮಾಡೋ ಕೌನ್ಸೆಲಿಂಗ್ ಅಭ್ಯಾಸ), ಎರಡೂ ಎಕ್ಸಾಮು, ಬೆರಳಚ್ಚು ಎಲ್ಲ ಆದ್ಮೇಲೆ ಸಿಗೋದು ಎಲ್‌ಪಿಸಿ ಅಸೋಸಿಯೇಟ್ ಲೈಸೆನ್ಸ್ ಮಾತ್ರ. ಆಮೇಲೆ 3000 ಗಂಟೆ ಕೆಲಸ, ಅದರಲ್ಲಿ 1500 ಗಂಟೆ ಎದುರಿಗೆ ಕ್ಲೈಂಟ್ ಇರಲೇಬೇಕು, 18 ತಿಂಗಳಿಗಿಂತ ಬೇಗ ಮುಗಿಸೋ ಹಾಗಿಲ್ಲ. 18 ತಿಂಗಳಲ್ಲೇ ಮುಗಿಸ್ತೀನಿ ಅಂದ್ರೆ ವಾರಕ್ಕೆ ಹತ್ತತ್ರ 20 ಗಂಟೆ ಕ್ಲೈಂಟ್ಸ್ ನೋಡ್ಬೇಕು, ರಜೆ ಕ್ಯಾನ್ಸಲೇಶನ್ ಎಲ್ಲ ಸೇರಿದ್ರೆ ಎಷ್ಟೋ ಜನಕ್ಕೆ ಅದು ಆಗಲ್ಲ. ಇಷ್ಟೂ ದಿನ ತಿಂಗಳಿಗೆ ಕನಿಷ್ಠ 4 ಗಂಟೆ ಸೂಪರ್‌ವಿಷನ್, ಕೊನೆಗೆ ಗಂಟೆಗಳ ಫಾರ್ಮಿಗೆ ಸೈನ್ ಹಾಕೋರೂ ಅವರೇ, ನಿಮ್ಮ ಜಾಹೀರಾತು ವೆಬ್‌ಸೈಟಲ್ಲೂ ಅವರ ಹೆಸರು ಇರಲೇಬೇಕು. ಬೆಂಗಳೂರಲ್ಲಿ ಎಂಎಸ್ಸಿ ಮಾಡ್ಕೊಂಡು ಬಂದೋರು ಮೊದಲು ಆ ಡಿಗ್ರಿನ ಇವ್ಯಾಲ್ಯುಯೇಟ್ ಮಾಡಿಸಿ, 60 ಸೆಮಿಸ್ಟರ್ ಅವರ್ಸ್ ಮತ್ತೆ ಪ್ರಾಕ್ಟಿಕಮ್ ಎಲ್ಲಿ ಕಮ್ಮಿ ಬೀಳುತ್ತೆ ಅಂತ ನೋಡ್ಕೊಳ್ಳಿ, ಉಳಿದಿದ್ದೆಲ್ಲ ಆಮೇಲೆ.

ನನ್ನ ಕೆಲಸದ ಜಾಗದಲ್ಲಿ ಫ್ರೀ ಸೂಪರ್‌ವಿಷನ್ ಇರ್ಲಿಲ್ಲ, ಅದಕ್ಕೆ ತಿಂಗಳಿಗೆ 300 ಡಾಲರ್ ಕೈಯಿಂದ ಕೊಡ್ತಿದ್ದೆ. ಅಸೋಸಿಯೇಟ್ ಸಂಬಳದಲ್ಲಿ ಅದು ಸಣ್ಣ ದುಡ್ಡಲ್ಲ, ಆದ್ರೂ ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಯಾಕಂದ್ರೆ ಈ ಮೇಡಂ ನಾವು ಹೇಳೋದನ್ನ ಕೇಳಿ ತಲೆ ಆಡಿಸಿ ಕಳಿಸೋರಲ್ಲ, ಕ್ಲೈಂಟ್ ಒಪ್ಪಿಗೆ ತಗೊಂಡು ರೆಕಾರ್ಡಿಂಗ್ ತನ್ನಿ ಅಂತಾರೆ, ಕೂತು ಕೇಳ್ತಾರೆ, ನಿಲ್ಲಿಸಿ ನಿಲ್ಲಿಸಿ ಇಲ್ಲಿ ನೀವ್ಯಾಕೆ ಅಷ್ಟು ಬೇಗ ಸಮಾಧಾನ ಹೇಳಿಬಿಟ್ರಿ, ಅವರ ಅಳು ನಿಮಗೆ ತಡ್ಕೊಳಕ್ಕಾಗ್ಲಿಲ್ವಾ ಅಂತ ನೇರವಾಗಿ ಕೇಳ್ತಾರೆ. ಯಾವ ಟೆಕ್ಸ್ಟ್‌ಬುಕ್ಕಲ್ಲೂ ಅದು ಸಿಗಲ್ಲ.

ಇನ್ನೊಂದು, ಕಾನೂನಿನ ವಿಷಯ. ನಾವೆಲ್ಲ ಓದಿರೋದು ಕ್ಯಾಲಿಫೋರ್ನಿಯಾದ ಟ್ಯಾರಸಾಫ್ ಕೇಸು, ಕ್ಲೈಂಟ್ ಯಾರನ್ನಾದ್ರೂ ಕೊಲ್ತೀನಿ ಅಂದ್ರೆ ಆ ವ್ಯಕ್ತಿನ ಕಾಪಾಡೋ ಹೊಣೆ ಥೆರಪಿಸ್ಟ್ ಮೇಲಿದೆ ಅನ್ನೋದು. ಟೆಕ್ಸಸ್ಸಲ್ಲಿ ಹಾಗಿಲ್ಲ, 1999ರಲ್ಲಿ ಥಾಪರ್ ಕೇಸಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಆ ಹೊಣೆನ ಒಪ್ಪಲಿಲ್ಲ, ಅಪಾಯ ಕಣ್ಣೆದುರಿಗೇ ಇದೆ ಅನ್ಸಿದ್ರೆ ಪೊಲೀಸರಿಗೋ ಡಾಕ್ಟರಿಗೋ ತಿಳಿಸೋಕೆ ಕಾನೂನಲ್ಲಿ ಅವಕಾಶ ಇದೆ. ಹಾಗಂತ ಯಾರಿಗೆ ಬೆದರಿಕೆ ಇದೆಯೋ ಅವರಿಗೇ ಫೋನ್ ಮಾಡಿದ್ರೆ ಗೌಪ್ಯತೆ ಮುರಿದ ಹಾಗೆ ಆಗಬಹುದು. ಮೇಡಂ ಇದನ್ನ ಬಾಯಲ್ಲಿ ಹೇಳಿ ಬಿಡ್ಲಿಲ್ಲ, ರಾತ್ರಿ ಒಂಬತ್ತಕ್ಕೆ ಕ್ಲೈಂಟ್ ಹೀಗೆ ಮೆಸೇಜ್ ಹಾಕಿದ್ರೆ ಮೊದಲು ಯಾರಿಗೆ ಫೋನು, ನೋಟ್ಸಲ್ಲಿ ಏನು ಬರೀಬೇಕು ಅಂತ ಒಂದೊಂದೇ ಹೆಜ್ಜೆ ಮಾಡಿಸಿದ್ರು. ಆವತ್ತಿನ ಒಂದು ಗಂಟೆಗೇ ಇಡೀ ತಿಂಗಳ ಫೀಸು ವಸೂಲು.

ಕನ್ನಡ ಮಾತಾಡೋ ಕ್ಲೈಂಟ್ಸ್ ಬರೋಕೆ ಶುರುವಾದಾಗ ಒಂದು ತೊಡಕು ಬಂತು, ರೆಕಾರ್ಡಿಂಗ್ ಕನ್ನಡದಲ್ಲಿದ್ರೆ ಮೇಡಂಗೆ ಏನೂ ಅರ್ಥ ಆಗಲ್ಲ. ಅವರು ಇಂಗ್ಲಿಷಲ್ಲೇ ಮಾತಾಡಿಸಿ ಅನ್ನಲಿಲ್ಲ, ಅದು ನನಗೆ ತುಂಬ ಇಷ್ಟ ಆಯ್ತು. ಕ್ಲೈಂಟ್ ಜಾಗದಲ್ಲಿ ನೀವು ಕೂತ್ಕೊಳ್ಳಿ ನಾನು ಕೌನ್ಸೆಲರ್ ಆಗ್ತೀನಿ ಅಂತ ರೋಲ್ ಪ್ಲೇ ಮಾಡಿಸೋರು, ಸೆಷನ್ನಿನ ಒಂದು ಭಾಗ ನಾನೇ ಇಂಗ್ಲಿಷಲ್ಲಿ ಬರೆದು ತರಬೇಕಿತ್ತು. ನಮ್ಮ ಮನೆಗಳಲ್ಲಿ ಊರಿಂದ ಆರು ತಿಂಗಳಿಗೆ ಬಂದಿರೋ ಅತ್ತೆ ಮಾವ, ಕೌನ್ಸೆಲಿಂಗಲ್ಲಿ ಹೆಂಡತಿ ಏನು ಹೇಳ್ಕೊಂಡ್ಲು ಅಂತ ಕೇಳೋ ಗಂಡ, ಇವೆಲ್ಲ ಅವರಿಗೆ ಹೊಸದು, ಆದ್ರೆ ಗೊತ್ತಿಲ್ಲ ಹೇಳಿ ಅಂತ ಕೇಳೋ ದೊಡ್ಡ ಮನಸ್ಸು ಇತ್ತು. ಕೇಳಿಸ್ಕೊಂಡು ಕೊನೆಗೆ ಹೇಳ್ತಿದ್ದಿದ್ದು ಒಂದೇ, ಫೀಸು ಗಂಡ ಕೊಟ್ರೂ ಹೇಳ್ಕೊಂಡ ಮಾತು ಅವಳದ್ದೇ, ಅವಳು ಬರೆದು ಒಪ್ಪಿಗೆ ಕೊಡದೆ ಒಂದಕ್ಷರ ಗಂಡನ ಕಿವಿಗೆ ಹೋಗ್ಬಾರ್ದು.

ಸರಿ ಇಲ್ಲದ್ದೂ ಇದೆ. ಗ್ರೂಪ್ ಸೂಪರ್‌ವಿಷನ್ನು ನನಗೆ ಅಷ್ಟಾಗಿ ಹಿಡಿಸ್ಲಿಲ್ಲ, ಜನ ಜಾಸ್ತಿ, ಯಾರೋ ಒಬ್ರು ತಮ್ಮ ಕೇಸ್ ಶುರು ಮಾಡಿದ್ರೆ ಗಂಟೆ ಮುಗಿದೇ ಹೋಗೋದು. ಒಟ್ಟು ಸೂಪರ್‌ವಿಷನ್ನಲ್ಲಿ ಗ್ರೂಪಿಂದು ಅರ್ಧಕ್ಕಿಂತ ಜಾಸ್ತಿ ಇರೋ ಹಾಗಿಲ್ಲ ಅಂತ ರೂಲ್ ಇರೋದು ಸುಮ್ನೆ ಅಲ್ಲ. ಶನಿವಾರ ಸ್ಲಾಟ್ ಇಲ್ವೇ ಇಲ್ಲ, ಮಕ್ಕಳಿರೋರಿಗೆ ಅದು ಕಷ್ಟನೇ, ವಿಡಿಯೋ ಕಾಲಲ್ಲಿ ಸೇರಬಹುದು ಅನ್ನೋದೊಂದು ಸಮಾಧಾನ. ಒಂದಿನ ಮುಂಚೆ ಹೇಳದೆ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ಫೀಸು ಹಿಡೀತಾರೆ, ಮಗುಗೆ ಜ್ವರ ಬಂದ್ರೂ ಅಷ್ಟೇ, ಇದನ್ನ ಅವರು ಬದಲಾಯಿಸ್ಬೇಕು.

ನನ್ನ ಕಡೆಯಿಂದ 5ಕ್ಕೆ 4. ನೀವು ಯಾರ ಹತ್ರ ಸೇರಿದ್ರೂ ಅಗ್ರಿಮೆಂಟಿಗೆ ಸೈನ್ ಮಾಡೋ ಮುಂಚೆ ರೆಕಾರ್ಡಿಂಗ್ ಕೇಳ್ತೀರಾ, ರಾತ್ರಿ ಎಮರ್ಜೆನ್ಸಿ ಬಂದ್ರೆ ಫೋನ್ ಎತ್ತೀರಾ, ಮಧ್ಯದಲ್ಲಿ ನಾನು ಬಿಟ್ರೆ ಅಲ್ಲಿವರೆಗಿನ ಗಂಟೆಗೆ ಎಷ್ಟು ದಿನದಲ್ಲಿ ಸೈನ್ ಮಾಡಿ ಕೊಡ್ತೀರಾ ಅಂತ ಕೇಳಿ, ಉತ್ತರನ ಈಮೇಲಲ್ಲಿ ಬರೆಸ್ಕೊಳ್ಳಿ. ಮತ್ತೆ ಡಿಗ್ರಿ ಮುಗಿದ್ಮೇಲೆ, ಅಸೋಸಿಯೇಟ್ ಲೈಸೆನ್ಸ್ ಕೈಗೆ ಬರೋ ಮುಂಚೆ ಇಲ್ಲಿ ಕೆಲಸ ಮಾಡಿದ ಗಂಟೆ ಈ 3000ಕ್ಕೆ ಸೇರಲ್ಲ, ಯಾರಾದ್ರೂ ಸೇರಿಸ್ಕೊಡ್ತೀನಿ ಅಂದ್ರೆ ಅವರ ಹತ್ರ ಹೋಗ್ಲೇಬೇಡಿ.