340ಐಗೆ ಹಿಂದೆ ಅಗಲದ ಚಕ್ರ: ಒಂದು ಜೊತೆ ಟೈರ್ ಸವೆಸಿದ ಮೇಲೆ

ಗಾಡಿ ಬಿಎಂಡಬ್ಲ್ಯೂ 340ಐ, ಎಫ್30 ತಲೆಮಾರಿನದು, ರಿಯರ್ ವೀಲ್ ಡ್ರೈವ್ (ಎಂಜಿನ್ ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ). 3 ಲೀಟರ್ ಟರ್ಬೊ ಎಂಜಿನ್, 450 ನ್ಯೂಟನ್ ಮೀಟರ್ ಟಾರ್ಕ್. ಮೊದಲು ನಾಲ್ಕೂ ಕಡೆ 18 ಇಂಚಿನ 8ಜೆ ರಿಮ್ (8 ಇಂಚು ಅಗಲದ್ದು), 225/45 ಟೈರ್ (225 ಮಿಲಿಮೀಟರ್ ಅಗಲ, ಸೈಡ್‌ವಾಲ್ ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡ 45) ಇತ್ತು. ಹಿಂಬದಿಯ ಎರಡು ಚಕ್ರಗಳಿಗೆ 9ಜೆ ರಿಮ್, 255/40 ಟೈರ್ ಹಾಕಿಸಿದೆ. ಆ ಹಿಂದಿನ ಜೊತೆ ಪೂರ್ತಿ ಸವೆದು ಈಗ ಎರಡನೇ ಜೊತೆ ಓಡುತ್ತಿದೆ. ಈ ಬದಲಾವಣೆ ನನಗೆ ತುಂಬಾ ಇಷ್ಟವಾಗಿದೆ. ಆದರೆ ಮುಂದಿನ ಟೈರ್ ಹಾಗೇ ಬಿಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಲಾಭದ ಮಾತು. ಎರಡನೇ ಗೇರಿನಲ್ಲಿ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತುವಾಗ ಮೊದಲೆಲ್ಲ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗುತ್ತಿತ್ತು, ಎಂಜಿನ್ ದನಿ ತಟ್ಟನೆ ತಗ್ಗುತ್ತಿತ್ತು. ಈಗ ಅದೇ ತಿರುವಿನಲ್ಲಿ ಸ್ಟೀರಿಂಗ್ ನೇರವಾಗುವ ಮುಂಚೆಯೇ ಒತ್ತಬಹುದು, ಗಾಡಿ ಸುಮ್ನೆ ಮುಂದಕ್ಕೆ ಹೋಗುತ್ತದೆ. ಹಳೆಯದೂ ಹೊಸದೂ ಒಂದೇ ಕಂಪನಿಯ ಒಂದೇ ಮಾದರಿಯ ಟೈರ್. ಹಾಗಾಗಿ ಇದು ರಬ್ಬರಿನ ವ್ಯತ್ಯಾಸ ಅಲ್ಲ, ಅಗಲದ್ದೇ. ನೇರ ರಸ್ತೆಯಲ್ಲಿ ಸಾಧಾರಣ ವೇಗದಲ್ಲಿ ಹೋಗುವವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಅಗಲ ಜಾಸ್ತಿಯಾದರೆ ನೆಲಕ್ಕೆ ತಾಗುವ ಜಾಗವೂ ಅಷ್ಟೇ ಜಾಸ್ತಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಗಾಡಿಯ ತೂಕ ಅಷ್ಟೇ, ಗಾಳಿಯ ಒತ್ತಡವೂ ಅಷ್ಟೇ ಇದ್ದರೆ ತಾಗುವ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಅದರ ಆಕಾರ. ಉದ್ದ ಕಡಿಮೆಯಾಗಿ ಅಡ್ಡ ಜಾಸ್ತಿಯಾಗುತ್ತದೆ. ತಿರುವಿನಲ್ಲಿ ಟೈರ್ ಕಡಿಮೆ ಜಾರುಕೋನದಲ್ಲೇ (ಟೈರ್ ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವಿನ ಕೋನ) ಹಿಡಿತ ಕೊಡುತ್ತದೆ, ಹಿಂಬದಿ ಬೇಗ ನೆಲೆಗೆ ಬರುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಆಫ್‌ಸೆಟ್ ಬಗ್ಗೆ. ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಗಾಡಿಯ ಹಬ್ಬಿಗೆ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವುದು. ಅದನ್ನು ಇಟಿ ಅಂತ ಬರೆಯುತ್ತಾರೆ. ಹಳೆಯ ರಿಮ್ 8ಜೆ, ಇಟಿ 34. ನಾನು ಆರಿಸಿದ್ದು 9ಜೆ, ಇಟಿ 40. ಲೆಕ್ಕ ಹಾಕಿದರೆ ಹೊಸ ರಿಮ್ ಹೊರಕ್ಕೆ ಸುಮಾರು 7 ಮಿಲಿಮೀಟರ್, ಒಳಕ್ಕೆ ಸುಮಾರು 19 ಮಿಲಿಮೀಟರ್ ಜಾಸ್ತಿ ಹೋಗುತ್ತದೆ. 19 ಅಂದರೆ ಭಯವಾಗುತ್ತದೆ ಅಲ್ವಾ? ಆದರೆ ಇದೇ ಗಾಡಿಯ ಎಂ ಸ್ಪೋರ್ಟ್ ಮಾದರಿಗಳಿಗೆ ಕಂಪನಿಯೇ ಹಿಂದೆ 8.5ಜೆ, ಇಟಿ 47 ರಿಮ್ ಕೊಟ್ಟಿದೆ. ಅದೂ ಒಳಗಡೆ ಇಷ್ಟೇ ದೂರ ಹೋಗುತ್ತದೆ. ಹಾಗಾಗಿ ಒಳಗೆ ಜಾಗ ಇದೆ ಅನ್ನುವುದು ಮೊದಲೇ ಖಾತ್ರಿ ಇತ್ತು. ಹೊರಗಡೆಯ ಮಿಲಿಮೀಟರುಗಳನ್ನೇ ನಾನು ಹುಷಾರಾಗಿ ನೋಡಿದ್ದು. ಹಿಂದಿನ ಸೀಟು ತುಂಬಿ, ಡಿಕ್ಕಿಯಲ್ಲಿ ಸಾಮಾನಿಟ್ಟು ಉಬ್ಬಿನ ಮೇಲೆ ಹತ್ತಿಸಿದರೂ ಫೆಂಡರಿಗೆ ತಾಗಿಲ್ಲ. ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡಿ ಸಮಾಧಾನಪಟ್ಟುಕೊಳ್ಳಬೇಡಿ. ಸಸ್ಪೆನ್ಷನ್ ಪೂರ್ತಿ ಕುಸಿದಾಗಲೇ ನಿಜ ಗೊತ್ತಾಗುವುದು.

ಈ ಗಾಡಿಗೆ ಬೋಲ್ಟುಗಳ ಜೋಡಣೆ 5x120 (120 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ 5 ಬೋಲ್ಟು), ಹಬ್ಬಿಗೆ ಕೂರುವ ರಿಮ್ಮಿನ ನಡುವಿನ ತೂತು 72.6 ಮಿಲಿಮೀಟರ್. ತೂತು ದೊಡ್ಡದಿರುವ ರಿಮ್ ಆದರೆ ಆ ಸಡಿಲ ತುಂಬುವ ರಿಂಗ್ ಹಾಕಿಸಲೇಬೇಕು, ಇಲ್ಲದಿದ್ದರೆ ವೇಗದಲ್ಲಿ ನಡುಕ ಬರಬಹುದು. ಬೋಲ್ಟುಗಳಿಗೆ 140 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲೇ.

ಇನ್ನು ನನಗೆ ಬೇಜಾರಾದ ಭಾಗ. ಹಿಂದೆ 255, ಮುಂದೆ 225 ಇದ್ದಷ್ಟು ದಿನ ಗಾಡಿಯ ಮೂಗು ಮೊದಲಿನಷ್ಟು ಚುರುಕಾಗಿ ಒಳಕ್ಕೆ ತಿರುಗುತ್ತಿರಲಿಲ್ಲ. ಹಿಂಬದಿಗೆ ಹಿಡಿತ ಹೆಚ್ಚಾಗಿ ಮುಂಬದಿಯದು ಅಷ್ಟೇ ಉಳಿದರೆ ಆಗುವುದೇ ಹೀಗೆ. ಉದ್ದದ ತಿರುವುಗಳಲ್ಲಿ ಮುಂದಿನ ಟೈರೇ ಮೊದಲು ಸೋಲುತ್ತಿತ್ತು. ಈ ಗಾಡಿಯ ಸೊಗಸೇ ಅದರ ಸಮತೋಲ. ಅದು ಕೆಟ್ಟರೆ ಮನಸ್ಸಿಗೆ ಒಗ್ಗುವುದಿಲ್ಲ. ಮುಂದಿನ 225 ಸವೆದಾಗ ಅದೇ 8ಜೆ ರಿಮ್ಮಿಗೆ 245/40 ಹಾಕಿಸಿದೆ. ಆ ಅಗಲಕ್ಕೆ 8ಜೆ ಕನಿಷ್ಠ ರಿಮ್, ಆದರೂ ಸರಿಹೊಂದುತ್ತದೆ. ಕಳೆದುಹೋಗಿದ್ದ ಚುರುಕು ಬಹುಪಾಲು ವಾಪಸ್ ಬಂತು. ಮುಂದಿನದರ ವ್ಯಾಸ ಹಿಂದಿನದಕ್ಕಿಂತ 8 ಮಿಲಿಮೀಟರ್ ಕಡಿಮೆ, ಎಬಿಎಸ್ ಆಗಲಿ ಸ್ಟೆಬಿಲಿಟಿ ಕಂಟ್ರೋಲ್ ಆಗಲಿ ತಕರಾರು ಮಾಡಿಲ್ಲ. ಇದೇ ಗಾಡಿಯ ಎಕ್ಸ್‌ಡ್ರೈವ್ ಮಾದರಿಗೆ ಈ ಜೋಡಿ ನಾನು ಹೇಳುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಲ್ಲಿ ವ್ಯಾಸದ ವ್ಯತ್ಯಾಸ, ಆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ.

ಖರ್ಚು ಜಾಸ್ತಿ, ಸಂಶಯವೇ ಇಲ್ಲ. ಹಿಂದು ಮುಂದು ಟೈರ್ ಅದಲುಬದಲು ಮಾಡುವ ಹಾಗಿಲ್ಲ. ಹಿಂದಿನವು ಒಳ ಅಂಚಿನಲ್ಲಿ ಬೇಗ ಸವೆಯುತ್ತವೆ, ಕ್ಯಾಂಬರ್, ಅಂದರೆ ಚಕ್ರದ ಓರೆ, ಹಾಗಿರುತ್ತದೆ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಆಗಾಗ ಬಗ್ಗಿ ಒಳಗಡೆ ನೋಡಿ, ಅಲೈನ್‌ಮೆಂಟ್ ಮಾಡಿಸಿ. ಒರಟು ರಸ್ತೆಯಲ್ಲಿ ಶಬ್ದ ಸ್ವಲ್ಪ ಹೆಚ್ಚಾಗಿದೆ. ಸವಾರಿಯ ಮೆತ್ತನೆ ಹಾಗೇ ಇದೆ, ಯಾಕೆಂದರೆ ಹಿಂದಿನ ಟೈರಿನ ಸೈಡ್‌ವಾಲ್ ಎತ್ತರ 101ರಿಂದ 102 ಮಿಲಿಮೀಟರ್ ಆಗಿದೆ ಅಷ್ಟೇ.

ಮಳೆಯ ವಿಷಯಕ್ಕೆ ಬಂದರೆ ಎಚ್ಚರಿಕೆ ಬೇಕೇ ಬೇಕು. ಅಗಲದ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಹೊಸದಿದ್ದಾಗ ತೊಂದರೆ ಕಾಣಲಿಲ್ಲ. ಅರ್ಧ ಸವೆದ ಮೇಲೆ ಹೆದ್ದಾರಿಯಲ್ಲಿ ಹಿಂಬದಿ ಹಗುರಾದ ಅನುಭವ ಆಯಿತು. ಅದಕ್ಕೇ ಹಿಂದಿನವನ್ನು ನಾನು ಕಾನೂನಿನ ಕೊನೆಯ ಮಿತಿವರೆಗೆ ಎಳೆಯುವುದಿಲ್ಲ, 3 ಮಿಲಿಮೀಟರ್ ಉಳಿದಾಗಲೇ ಬದಲಾಯಿಸುತ್ತೇನೆ.

265/35 ಹಾಕಿದರೆ ಇನ್ನೂ ಚೆಂದ ಕಾಣುತ್ತದೆ ಅಂತ ಹೇಳುವವರಿದ್ದಾರೆ. ನಾನು ಹಾಕುವುದಿಲ್ಲ. ಅದರ ವ್ಯಾಸ ಮೂಲ ಟೈರಿಗಿಂತ 17 ಮಿಲಿಮೀಟರ್ ಕಡಿಮೆ. ಸೈಡ್‌ವಾಲ್ 93ಕ್ಕೆ ಇಳಿಯುತ್ತದೆ, ಗುಂಡಿಗೆ ಬಿದ್ದರೆ ಏಟು ನೇರ ರಿಮ್ಮಿಗೇ. ಹಿಂಬದಿಗೆ ನಾನು ಇನ್ನೊಮ್ಮೆ ಹಾಕಿಸುವ ಜೊತೆಯೂ 255/40.