ಥೀಮ್ ಇಟ್ಟ ಸಿಂಫನಿ ಸೀಸನ್: ಒಬ್ಬರದೇ ಸಂಗೀತನಾ, ಒಂದು ವಿಷಯನಾ, ಒಂದು ದೇಶನಾ?

ಈಗ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಹಳ ಆರ್ಕೆಸ್ಟ್ರಾಗಳು ವರ್ಷದ ಕಛೇರಿಗಳನ್ನೆಲ್ಲ ಸೇರಿಸಿ ಅದಕ್ಕೊಂದು ಹೆಸರು ಇಟ್ಟುಬಿಡ್ತವೆ, "ವಿಧಿ", "ಸಮುದ್ರ", "ಬೀಥೋವನ್ ಪೂರ್ತಿ", ಹೀಗೆ. ಹೆಸರು ನೋಡಿ ಸೀಸನ್ ಪಾಸ್ ತಗೊಳ್ಳೋದಾ ಇಲ್ಲ ಬಿಡಿ ಟಿಕೆಟ್ ಸಾಕಾ ಅಂತ ಸುಮಾರು ಜನ ಕೇಳ್ತಾರೆ. ನಾನು ಈ ಎಲ್ಲಾ ಬಗೆನೂ ಕೇಳಿ ನೋಡಿದೀನಿ, ಕೆಲವು ಹಾಲ್‌ನಲ್ಲಿ ಕೂತು, ಕೆಲವು ಲೈವ್ ಸ್ಟ್ರೀಮ್‌ನಲ್ಲಿ. ನನ್ನ ಅಳತೆಗೋಲು ಒಂದೇ. ಬ್ರೋಷರ್ ಮೇಲಿರೋ ಹೆಸರನ್ನ ಕೈಯಲ್ಲಿ ಮುಚ್ಚಿಬಿಟ್ರೆ, ಆ ಕೃತಿಗಳು ಒಂದೇ ಸಂಜೆ ಅಕ್ಕಪಕ್ಕ ಇರೋಕೆ ಕಿವಿಗೆ ಏನಾದ್ರೂ ಕಾರಣ ಸಿಗುತ್ತಾ?

ಮೊದಲು ಒಬ್ಬರದೇ ಸಂಗೀತದ ಸೀಸನ್. ಇದರಲ್ಲಿ ಬೀಥೋವನ್‌ದೇ ಜಾಸ್ತಿ, 9 ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಬರೆದ ಹಲವು ಭಾಗಗಳ ದೊಡ್ಡ ಕೃತಿ), 1800ರಿಂದ 1824ರ ತನಕ ವಿಯೆನ್ನಾದಲ್ಲಿ ಬಂದವು. ಇದರ ದೊಡ್ಡ ಲಾಭ ಏನಂದ್ರೆ ಯಾರೂ ಗಮನ ಕೊಡದೇ ಇರೋ ನಂಬರ್‌ಗಳು ಕಿವಿಗೆ ಬೀಳ್ತವೆ. ನಾಲ್ಕನೇದನ್ನೇ ತಗೊಳ್ಳಿ, ಮೂರು ಮತ್ತು ಐದರ ಮಧ್ಯೆ ಸಿಕ್ಕಿಹಾಕ್ಕೊಂಡು ಅದಕ್ಕೆ ಬಿಡಿಯಾಗಿ ಟಿಕೆಟ್ ತಗೊಂಡು ಹೋಗೋರು ಕಮ್ಮಿ, ಆದ್ರೆ ಸೈಕಲ್‌ನಲ್ಲಿ, ಅಂದ್ರೆ ಒಬ್ಬರ ಸಿಂಫನಿಗಳನ್ನೆಲ್ಲ ಸಾಲಾಗಿ ಕೇಳಿದಾಗ, ಆ ಕತ್ತಲೆ ಕತ್ತಲೆ ಆರಂಭ ಇದ್ದಕ್ಕಿದ್ದಂಗೆ ಬೆಳಕಾಗಿ ಓಡೋಕೆ ಶುರು ಮಾಡೋದು, ಕೊನೇ ಭಾಗದಲ್ಲಿ ಬಸೂನ್ (ತಗ್ಗು ದನಿಯ ಮರದ ಊದುವಾದ್ಯ) ಒಂದೇ ಪಟಪಟ ಅಂತ ನುಡಿಸಿ ಮರೆಯಾಗೋದು, ಹಾಲ್‌ನಲ್ಲಿ ಹಿಂದಿನ ಸಾಲಿನವರು ನಕ್ಕಿದ್ದು ಕೇಳಿಸ್ತು ನನಗೆ. ಐದನೇದರ ಕೊನೇ ಭಾಗದ ತನಕ ಟ್ರಾಂಬೋನ್ ಅನ್ನೋ ಹಿತ್ತಾಳೆ ಊದುವಾದ್ಯದವರು ಸುಮ್ನೆ ಕೂತಿರ್ತಾರೆ, ನುಡಿಸೋಕೆ ಶುರು ಮಾಡಿದಾಗ ಆರ್ಕೆಸ್ಟ್ರಾದ ಬಣ್ಣವೇ ಬದಲಾಗುತ್ತೆ. ಹಿಂದಿನ ನಾಲ್ಕನ್ನೂ ಕೇಳಿ ಬಂದವರಿಗೆ ಅದು ಹೊಡೆಯೋ ರೀತಿನೇ ಬೇರೆ, ಯಾಕಂದ್ರೆ ಅಲ್ಲೆಲ್ಲೂ ಟ್ರಾಂಬೋನ್ ಇಲ್ಲ.

ಆದ್ರೆ ಸಮಸ್ಯೆನೂ ಇದೆ. ನಂಬರ್ ಪ್ರಕಾರ ನುಡಿಸಿದ್ರೆ ಒಂಬತ್ತನೇದು ಕಡೆಗೆ ಬರುತ್ತೆ, ಅದಕ್ಕೇ ಹಾಲ್ ತುಂಬುತ್ತೆ, ಒಂದು ಎರಡಕ್ಕೆ ಖಾಲಿ ಸೀಟು ಕಾಣ್ತವೆ. ಇನ್ನು ಉದ್ದುದ್ದ ಸಿಂಫನಿ ಬರೆದ ಮಾಲರ್ ಅವರ ಸೈಕಲ್ ಆದ್ರೆ ಎದೆಗಾರಿಕೆ ಬೇಕು. ಮೂರನೇದೊಂದೇ ಹೆಚ್ಚುಕಮ್ಮಿ 100 ನಿಮಿಷ, ಆ ಸಂಜೆ ಬೇರೇನೂ ನುಡಿಸಲ್ಲ. ನನಗೆ ಅರ್ಧ ಸೀಸನ್ ಆಗೋಷ್ಟರಲ್ಲಿ ಸಾಕಪ್ಪಾ ಅನ್ಸಿತ್ತು, ಮಾಲರ್ ಬಗ್ಗೆ ಅಲ್ಲ, ಬರೀ ಮಾಲರ್ ಬಗ್ಗೆ. ಹೆಸರು ಮುಚ್ಚಿದ್ರೂ ಇಲ್ಲಿ ಕಾರಣ ಇದ್ದೇ ಇದೆ, ಅದನ್ನ ಒಪ್ಕೊಳ್ತೀನಿ, ಆದ್ರೆ ಆ ಕಾರಣ ಒಂದು ಸಂಜೆಯೊಳಗೆ ಸಿಗಲ್ಲ, ತಿಂಗಳುಗಟ್ಟಲೆ ನೆನಪಿಟ್ಕೋಬೇಕು.

ಎರಡನೇದು ವಿಷಯದ ಸೀಸನ್. ಮೋಸ ಹೋಗೋದೂ ಇಲ್ಲೇ, ಖುಷಿ ಸಿಗೋದೂ ಇಲ್ಲೇ.

ನಾನು ಕೇಳಿದ "ವಿಧಿ" ಅನ್ನೋ ಥೀಮ್ ನನಗೆ ಹಿಡಿಸಲಿಲ್ಲ. ಬೀಥೋವನ್ ಐದನೇದು, ಚೈಕೋವ್‌ಸ್ಕಿ ನಾಲ್ಕನೇದು, ಎರಡನ್ನೂ ಆ ಹೆಸರಿನಡಿ ಹಾಕಿದ್ರು. ಚೈಕೋವ್‌ಸ್ಕಿದು ಸರಿ, ಶುರುವಿನಲ್ಲಿ ಹಾರ್ನ್ ಅನ್ನೋ ಹಿತ್ತಾಳೆ ವಾದ್ಯದ ಕೂಗು ವಿಧಿನೇ ಅಂತ ಅವರೇ ತಮ್ಮ ಪೋಷಕಿ ನಾಡೆಝ್ಡಾ ಫಾನ್ ಮೆಕ್ ಅವರಿಗೆ ಪತ್ರದಲ್ಲಿ ಬರೆದಿದ್ರು. ಬೀಥೋವನ್ ವಿಷಯದಲ್ಲಿ "ವಿಧಿ ಬಾಗಿಲು ತಟ್ಟುತ್ತೆ" ಅನ್ನೋ ಮಾತು ಬಂದಿದ್ದು ಅವರ ಕಾರ್ಯದರ್ಶಿಯಾಗಿದ್ದ ಶಿಂಡ್ಲರ್ ಕಡೆಯಿಂದ, ಆ ಮನುಷ್ಯ ಕಿವಿ ಕೇಳದ ಬೀಥೋವನ್ ಜೊತೆ ಜನ ಬರೆದು ಮಾತಾಡ್ತಿದ್ದ ಪುಸ್ತಕಗಳಲ್ಲೇ ಆಮೇಲೆ ತನ್ನ ಸಾಲುಗಳನ್ನ ತುರುಕಿದೋನು. ಅಂಥವನ ಮಾತು ನಂಬ್ಕೊಂಡು ಒಂದು ಸೀಸನ್ ಕಟ್ಟೋದಾ? ಹೆಸರು ಮುಚ್ಚಿದ್ರೆ ಉಳಿದಿದ್ದು ಎರಡು ಜನಪ್ರಿಯ ಸಿಂಫನಿ ಅಷ್ಟೇ. ಚೆನ್ನಾಗಿ ನುಡಿಸಿದ್ರು, ಅದು ಬೇರೆ ಮಾತು.

"ಸಮುದ್ರ" ಮಾತ್ರ ಬೇರೆ ಥರ. ಒಂದೇ ಸಂಜೆ ಮೆಂಡೆಲ್ಸನ್ "ಹೆಬ್ರಿಡೀಸ್" (ಸ್ಕಾಟ್ಲೆಂಡ್‌ನ ದ್ವೀಪಗಳ ಹೆಸರು), ಬ್ರಿಟನ್ ಅವರ "ಪೀಟರ್ ಗ್ರೈಮ್ಸ್" ಒಪೆರಾದಿಂದ ತೆಗೆದ ನಾಲ್ಕು ಸಮುದ್ರ ತುಣುಕುಗಳು, ಬ್ರೇಕ್ ಆದ್ಮೇಲೆ ಡೆಬ್ಯುಸಿ "ಲಾ ಮೆರ್", ಅಂದ್ರೆ ಸಮುದ್ರ. ಮೂವರ ಮುಂದೆನೂ ಒಂದೇ ಪ್ರಶ್ನೆ, ನಿಲ್ಲದೇ ಅಲುಗಾಡೋ ನೀರನ್ನ ವಾದ್ಯಗಳಲ್ಲಿ ಹೆಂಗೆ ಕೇಳಿಸೋದು ಅಂತ. ಮೆಂಡೆಲ್ಸನ್ ಕೆಳಗಿಂದ ಶುರು ಮಾಡ್ತಾರೆ, ಚೆಲ್ಲೊ, ವಿಯೋಲಾ, ಬಸೂನ್ ಸೇರಿ ಒಂದು ಸಣ್ಣ ಇಳಿಯೋ ಸ್ವರಮಾಲೆ, ಅದನ್ನೇ ತಿರುಗಿಸಿ ತಿರುಗಿಸಿ ಅಲೆ ಮಾಡ್ತಾರೆ. ಬ್ರಿಟನ್ ತದ್ವಿರುದ್ಧ, ಮೊದಲ ತುಣುಕು "ಮುಂಜಾವು" ತೀರಾ ಮೇಲಿನ ಸ್ವರದಲ್ಲಿ, ಫ್ಲೂಟ್ ವಯೊಲಿನ್ ಒಟ್ಟಿಗೆ, ಒಂದೇ ತೆಳು ಗೆರೆ, ಮಧ್ಯೆ ಹಾರ್ಪ್ ಕ್ಲಾರಿನೆಟ್ ಸುಳಿ ಥರ ಬಂದು ಹೋಗುತ್ತೆ, ಆಮೇಲೆ ಅಡಿಯಿಂದ ಹಿತ್ತಾಳೆ ವಾದ್ಯಗಳು ಮೆಲ್ಲಗೆ ಉಬ್ಬುತ್ತವೆ. ನಡುವಿನಲ್ಲಿ ಜಾಸ್ತಿ ಏನೂ ಇಲ್ಲ, ಆ ಖಾಲಿಯೇ ತಣ್ಣಗೆ ಚಳಿ ಹುಟ್ಟಿಸುತ್ತೆ. ಡೆಬ್ಯುಸಿ ಅಂತೂ ಚೆಲ್ಲೊಗಳನ್ನೇ ನಾಲ್ಕು ಗುಂಪು ಮಾಡಿ ಒಂದು ರಾಗ ಕೊಡ್ತಾರೆ, ಸ್ಕೋರ್‌ನಲ್ಲಿ 16 ಚೆಲ್ಲೊ ಕೇಳಿದಾರೆ, ಅಷ್ಟು ಜನ ಎಲ್ಲಾ ಕಡೆ ಇರಲ್ಲ, ಇದ್ದಷ್ಟರಲ್ಲೇ ಹೊಂದಿಸ್ತಾರೆ. ಅಂದಹಾಗೆ ಈ ಕೃತಿ ಶುರು ಮಾಡಿದ್ದು 1903ರಲ್ಲಿ ಫ್ರಾನ್ಸ್‌ನ ಒಳನಾಡು ಬರ್ಗಂಡಿಯಲ್ಲಿ, ಅಲ್ಲಿಗೆ ಸಮುದ್ರ ಎಲ್ಲೋ ದೂರ! ಈ ಮೂರನ್ನ ಬೇರೆ ಬೇರೆ ದಿನ ಕೇಳಿದ್ರೆ ಇಷ್ಟು ವ್ಯತ್ಯಾಸ ನನಗೆ ಖಂಡಿತ ಗೊತ್ತಾಗ್ತಿರಲಿಲ್ಲ.

ಮೂರನೇದು ದೇಶದ ಥೀಮ್. ನಾನು ಕೇಳಿದ್ದು ಚೆಕ್ ಸಂಗೀತದ್ದು, ಸ್ಮೆಟಾನಾ "ವ್ಲತಾವಾ" (ಅಲ್ಲಿನ ನದಿಯ ಹೆಸರು), ಡ್ವೊರ್ಜಾಕ್ ಒಂಬತ್ತನೇದು, ಯಾನಾಚೆಕ್ "ಸಿಂಫೊನಿಯೆಟ್ಟಾ". ಹೊಸಬರಿಗೆ ಇದೇ ಸುಲಭ ಅಂತ ನನ್ನ ಅಭಿಪ್ರಾಯ, ರಾಗಗಳು ತಕ್ಷಣ ಹಿಡಿಸ್ತವೆ. ಆದ್ರೆ ಚೆಕ್ ಅನ್ನೋ ಲೇಬಲ್ ಅರ್ಧಂಬರ್ಧ ಅಂಟುತ್ತೆ, ಡ್ವೊರ್ಜಾಕ್ ಅದನ್ನ ಬರೆದಿದ್ದು ಅಮೆರಿಕದಲ್ಲಿದ್ದಾಗ, 1893ರಲ್ಲಿ ಮೊದಲು ನುಡಿಸಿದ್ದೂ ನ್ಯೂಯಾರ್ಕ್‌ನಲ್ಲೇ. ಅದರ ಒಂದು ಮಜಾ ಹೇಳ್ತೀನಿ, ಸಿಂಬಲ್ ಅನ್ನೋ ದೊಡ್ಡ ತಾಳ ನುಡಿಸೋರಿಗೆ ಇಡೀ ಸಿಂಫನಿಯಲ್ಲಿ ಒಂದೇ ಒಂದು ಪೆಟ್ಟು, ಅದೂ ಕೊನೇ ಭಾಗದಲ್ಲಿ, ಅದೂ ಮೆಲ್ಲಗೆ. ಸ್ಟ್ರೀಮ್‌ನಲ್ಲಿ ಕ್ಯಾಮೆರಾ ಆ ಹೊತ್ತಿಗೆ ಕಂಡಕ್ಟರ್ ಮುಖಾನೇ ತೋರಿಸ್ತಿತ್ತು, ಹಾಲ್‌ನಲ್ಲಿದ್ರೆ ಕಾದು ಕೂತು ನೋಡಬಹುದು. "ಸಿಂಫೊನಿಯೆಟ್ಟಾ"ನ ಮಾತ್ರ ಯಾವ ಕಾರಣಕ್ಕೂ ಇಯರ್‌ಫೋನ್‌ನಲ್ಲಿ ಕೇಳಿ ಮುಗಿಸ್ಬೇಡಿ. ಮೊದಲ ಭಾಗದಲ್ಲಿ ಬರೀ ಹಿತ್ತಾಳೆ ವಾದ್ಯ ಮತ್ತು ಟಿಂಪನಿ ಅನ್ನೋ ದೊಡ್ಡ ನಗಾರಿ, ಪೂರ್ತಿ ಕೃತಿಗೆ 12 ಟ್ರಂಪೆಟ್ ಬೇಕು, ಹೆಚ್ಚಿನವರನ್ನ ಹಿಂದೆ ಸಾಲಾಗಿ ನಿಲ್ಲಿಸಿದ್ರು, ಕಡೆಗೆ ಅದೇ ಕೂಗು ಇಡೀ ಆರ್ಕೆಸ್ಟ್ರಾ ಜೊತೆ ವಾಪಸ್ ಬಂದಾಗ ಸೀಟಿನ ಮರ ನಡುಗ್ತು.

ಥೀಮೇ ಇಲ್ಲದ ಹಳೇ ಪದ್ಧತಿ, ಅಂದ್ರೆ ಒಂದು ಓವರ್ಚರ್ (ಶುರುವಿನ ಚಿಕ್ಕ ಕೃತಿ), ಒಂದು ಕಾನ್ಸರ್ಟೊ (ಒಬ್ಬ ಸೋಲೋಯಿಸ್ಟ್ ಆರ್ಕೆಸ್ಟ್ರಾ ಜೊತೆ ನುಡಿಸೋದು), ಬ್ರೇಕ್, ಒಂದು ಸಿಂಫನಿ, ಅದೂ ಏನೂ ಕೆಟ್ಟದಲ್ಲ. ಅಲ್ಲಿ ಸೋಲೋಯಿಸ್ಟ್ ಯಾರು ಅಂತ ನೋಡಿ ಟಿಕೆಟ್ ತಗೊಂಡ್ರೆ ಸಾಕು.

ನಾನೀಗ ಬ್ರೋಷರ್ ನೋಡೋದು ಹೀಗೆ. ಒಂದು ಸಂಜೆಯ ಲಿಸ್ಟ್‌ನಲ್ಲಿ ಕಡೇಪಕ್ಷ ಇಬ್ಬರು ಒಂದೇ ಕೆಲಸಕ್ಕೆ ಕೈ ಹಾಕಿದಾರಾ ನೋಡ್ತೀನಿ. ಉದಾಹರಣೆಗೆ "ರಾತ್ರಿ" ಅಂತ ಥೀಮ್ ಇಟ್ಟು, ಒಂದು ಕಡೆ ಡೆಬ್ಯುಸಿಯ "ನಾಕ್ಟರ್ನ್ಸ್" (ರಾತ್ರಿಯ ಕೃತಿಗಳು ಅಂತ ಅರ್ಥ), ಇನ್ನೊಂದು ಕಡೆ ಮಾಲರ್ ಏಳನೇದು ಇದ್ರೆ ಎರಡು ಸಲ ಯೋಚನೆ ಮಾಡಲ್ಲ. ಮಾಲರ್ ಅಲ್ಲಿ ಎರಡು ಭಾಗಗಳಿಗೆ "ರಾತ್ರಿ ಸಂಗೀತ" ಅಂತಲೇ ಹೆಸರಿಟ್ಟಿದಾರೆ, ಎರಡನೇದರಲ್ಲಿ ಗಿಟಾರು, ಮ್ಯಾಂಡೊಲಿನ್ ಇವೆ, ಅಷ್ಟು ದೊಡ್ಡ ಆರ್ಕೆಸ್ಟ್ರಾ ಮಧ್ಯೆ ಅವು ಕೇಳಿಸ್ಬೇಕು ಅಂದ್ರೆ ಮುಂದಿನ ಸಾಲುಗಳಲ್ಲೇ ಸೀಟು ತಗೊಳ್ಳಿ.