ಬಂದಿಶ್ ಬ್ಯಾಂಡಿಟ್ಸ್: ಗಂಡಸರ ಘರಾಣೆಯಲ್ಲಿ ಮೋಹಿನಿ

ಪ್ರೈಮ್ ವಿಡಿಯೋದಲ್ಲಿ 2020ರಲ್ಲಿ ಬಂದ ಈ ಹಿಂದಿ ಸರಣಿಯನ್ನು ನಾನು ಹಾಡುಗಳಿಗಾಗಿ ನೋಡಿದೆ. ಸಂಗೀತ ಕೊಟ್ಟ ಶಂಕರ್-ಎಹ್ಸಾನ್-ಲಾಯ್ ನಿರಾಸೆ ಮಾಡಲಿಲ್ಲ. ಆದರೆ ಜಾಸ್ತಿ ಕಾಡಿದ್ದು ಜೋಧಪುರದ ಆ ರಾಠೋಡ್ ಮನೆ. ನಾಸಿರುದ್ದೀನ್ ಷಾ ಮಾಡಿರುವ ಪಂಡಿತರಿಗೆ ಘರಾಣೆ, ಅಂದರೆ ಹಿಂದೂಸ್ತಾನಿ ಸಂಗೀತದ ಗುರುಪರಂಪರೆ, ಗಂಡಸರ ಆಸ್ತಿ. ಮೊಮ್ಮಗ ರಾಧೆ ಅಜ್ಜನೆದುರು ತಲೆ ಎತ್ತುವುದಿಲ್ಲ. ಪಾಪ್ ಹಾಡಬೇಕಾದರೆ ಮುಖವಾಡ ಹಾಕಿಕೊಳ್ಳುತ್ತಾನೆ. ಎಷ್ಟು ಭಯ ನೋಡಿ!

ಅದೇ ಮನೆಯ ಸೊಸೆ ಮೋಹಿನಿ ಅಪರೂಪದ ಗಾಯಕಿ. ಮದುವೆಯ ನಂತರ ಹಾಡುವುದನ್ನೇ ಬಿಟ್ಟವಳು. ಶೀಬಾ ಚಡ್ಡಾ ಆ ನೋವನ್ನು ಬರೀ ಕಣ್ಣಲ್ಲೇ ತೋರಿಸುತ್ತಾರೆ. ಅತುಲ್ ಕುಲಕರ್ಣಿ ಮಾಡಿರುವ, ರಾಧೆಯ ಎದುರಾಳಿ ಗಾಯಕ ದಿಗ್ವಿಜಯ್‌ಗೂ ಸಂಗೀತ ಎಂದರೆ ಗೆಲ್ಲುವ ಹಟವೇ. ರಾಧೆ ಮತ್ತು ಪಾಪ್ ಗಾಯಕಿ ತಮನ್ನಾಳ ಪ್ರೇಮಕಥೆಯನ್ನು ಸುಮ್ನೆ ಎಳೆದಿದ್ದಾರೆ. ಆ ಸಮಯವನ್ನು ಮೋಹಿನಿಗೆ ಕೊಡಬೇಕಿತ್ತು, ಅಲ್ವಾ? ಮೊದಲ ಸೀಸನ್‌ನ ಹತ್ತೂ ಕಂತುಗಳನ್ನು ಹೆಡ್‌ಫೋನ್ ಹಾಕಿಕೊಂಡೇ ನೋಡಿ.